ಎಲ್ಲಾರೂ ಅಂದ್ರ ಯಾರ್ಯಾರು

ಹೊಸದಾಗಿ ಆಪ್ತಸಮಾಲೋಚಕರಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನ ಪೋಸ್ಟುಗಳ ಕೆಳಗೆ ಬಂದು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾರ, ಹರೇದ ಹುಡುಗರ ಜೋಡಿ ಹೆಂಗ ಮಾತಾಡಬೇಕ್ರಿ?" ಮಾತಾಡುವುದು ಆಮೇಲೆ. ಮೊದಲು ಕೈಯಲ್ಲಿರುವ ಉಂಡಿ ಕೆಳಗಿಡಿ. ಯಾವ ಉಂಡಿ ಅಂತ ಮುಂದೆ ಹೇಳುತ್ತೇನೆ.

ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿ, ಐವತ್ಮೂರಕ್ಕೇ ಸಾಕು ಅಂತ ಅರ್ಜಿ ಕೊಟ್ಟು ಮನೆಗೆ ಬಂದವಳು ನಾನು. ಬಡ್ತಿಯ ಕಥೆ ಕೇಳಬೇಡಿ, ಕುರ್ಚಿ ಒಮ್ಮೆ ಬದಲಾಯಿತು, ಅಷ್ಟೇ. ವಾರದಲ್ಲಿ ಮೂರು ದಿನ ಆಸ್ಪತ್ರೆ, ಎರಡು ದಿನ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಸಾಲಿ ಕಾಲೇಜು. ಕೆಲಸ ಏನು ಅಂದರೆ ಗೆಳೆಯರ ಒತ್ತಾಯಕ್ಕೆ ಸಿಕ್ಕಿ ಮಾಡಬಾರದ್ದನ್ನು ಮಾಡುತ್ತಿರುವ ಮಕ್ಕಳಿಗೆ, ಇಲ್ಲಿವರೆಗೆ ಸೈ, ಇದರಾಚೆ ನಾ ಒಲ್ಲೆ ಅನ್ನುವುದನ್ನು ಕಲಿಸುವುದು. ಕೇಳಲು ಸಣ್ಣ ಕೆಲಸ. ಆ ಒಂದು ಮಾತನ್ನು ನಾನು ಕಲಿತದ್ದು ಕೆಲಸ ಬಿಡುವುದಕ್ಕೆ ಎರಡು ವರ್ಷ ಇದ್ದಾಗ. ಅಲ್ಲಿವರೆಗೆ ಕಲಿಸಿದ್ದು ಏನು ಅಂತ ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮೊದಮೊದಲು ನನ್ನ ಪದ್ಧತಿ ಬುದ್ಧಿ ಹೇಳುವುದು. ಕೆಟ್ಟುಹೋದ ಬಾಯಿಯ ಚಿತ್ರ ಇರುವ ದೊಡ್ಡ ತಕ್ತೆ ಗೋಡೆಗೆ ನೇತುಹಾಕಿ ಒಂದು ತಾಸು ಗುಟಕಾದ ಬಗ್ಗೆ ಮಾತಾಡುತ್ತಿದ್ದೆ. ಮುಧೋಳದ ಒಂದು ಸಾಲಿಯಲ್ಲಿ ಹುಡುಗರು ಅಷ್ಟು ಶಾಂತವಾಗಿ ಕೇಳಿದರು ಅಂದರೆ, ನನಗೆ ನನ್ನ ಮೇಲೇ ಅಭಿಮಾನ ಬಂತು. ಹೊರಗೆ ಬಂದು ನೋಡಿದರೆ ಅದೇ ಹುಡುಗರು ಗೇಟಿನ ಪಕ್ಕ ನಿಂತು ಗುಟಕಾ ಚೀಟು ಹರಿಯುತ್ತಿದ್ದರು. ಒಬ್ಬ ಮರ್ಯಾದೆಯಿಂದ ಕೈ ಹಿಂದೆ ಮಾಡಿಕೊಂಡು, "ಭಾಷಣ ಭಾಳ ಛಲೋ ಆತ್ರಿ ಅಕ್ಕಾರ," ಅಂದ. ಬಾಯಿ ತುಂಬಿದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ.

ಪದ್ಧತಿ ಬದಲಾದದ್ದು ಸಂಜುನಿಂದ. ಬೀಳಗಿ ತಾಲೂಕಿನ ಹುಡುಗ, ಒಂಬತ್ತನೆಯ ತರಗತಿ. ಅನಗವಾಡಿ ಕಡೆ ಹೊಳೆಯ ಮೇಲಿನ ಸೇತುವೆಯಿಂದ ನೀರಿಗೆ ಹಾರಿ ಕಾಲು ಮುರಿದುಕೊಂಡು ಬಂದಿದ್ದ. ಈಜು ಬರುತ್ತಿತ್ತು, ಅದಕ್ಕೆ ಜೀವ ಉಳಿಯಿತು. ಅವನ ತಾಯಿ ಬಾಗಿಲಲ್ಲೇ ಶುರು ಮಾಡಿದಳು: "ಇವಗ ಸೊಕ್ಕ ಬಂದೈತ್ರಿ ಬಾಯಾರ. ಮನ್ಯಾಗ ಕೊಡ ನೀರ ತಾ ಅಂದ್ರ ತರೂದಿಲ್ಲ, ಹೊಳಿಗೆ ಹೋಗಿ ಹಾರತಾನ."

ತಾಯಿಯನ್ನು ಹೊರಗೆ ಕೂರಿಸಿ ಅವನನ್ನು ಕೇಳಿದೆ.

"ಯಾಕ ಹಾರಿದ್ಯೋ?"

"ಎಲ್ಲಾರೂ ಹಾರಿದ್ರರಿ."

"ಎಲ್ಲಾರೂ ಅಂದ್ರ ಯಾರ್ಯಾರು? ಹೆಸರ ಹೇಳು."

ಬೆರಳು ಮಡಚಿ ನಾಲ್ಕು ಹೆಸರು ಹೇಳಿದ. ಎಲ್ಲರೂ ಅವನ ತರಗತಿಯವರೇ. ಸಾಲಿಗೆ ಹೋದಾಗ ಆ ನಾಲ್ವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿದೆ. ಮೊದಲನೆಯವನು ಅಂದ, "ನಾ ಹಾರಿಲ್ರಿ, ಮಲ್ಲ್ಯಾ ಹಾರ್ಯಾನ. ನಾನೂ ಹಾರೀನಿ ಅಂತ ಸುಮ್ನ ಹೇಳಿದ್ದೆ." ಮಲ್ಲ್ಯಾನನ್ನು ಕರೆದರೆ, "ಅಯ್ಯ, ನನಗ ಎತ್ತರ ಅಂದ್ರ ಹೆದರಿಕಿರಿ. ಅವರು ಮೂವರೂ ಹಾರ್ಯಾರಂತ ನಾನೂ ಹೂಂ ಅಂದೆ." ಮೂರನೆಯವನೂ ಅದನ್ನೇ ಹೇಳಿದ. ನಾಲ್ಕನೆಯವನೂ ಅದನ್ನೇ ಹೇಳಿದ.

ಒಬ್ಬನೂ ಹಾರಿರಲಿಲ್ಲ. ತನ್ನನ್ನು ಬಿಟ್ಟು ಉಳಿದವರು ಹಿಂದೆಯೇ ಹಾರಿದ್ದಾರೆ ಅಂತ ಐದೂ ಜನ ನಂಬಿಕೊಂಡು ಸೇತುವೆಯ ಮೇಲೆ ನಿಂತಿದ್ದರು. ಅದರಲ್ಲಿ ಸುಳ್ಳು ಹೇಳಲು ಬಾರದವನು ಒಬ್ಬ ಇದ್ದ, ಅವನು ಹಾರಿದ.

ಸಂಜುಗೆ ಹೇಳಿದಾಗ ಅವನು ತನ್ನ ಪ್ಲಾಸ್ಟರಿನ ಮೇಲೆ ಬೆರಳಿಟ್ಟು ಕೇಳಿದ.

"ಹಂಗಾರ ಮೊದಲನೇದಾಂವ ನಾನ ಏನ್ರಿ?"

"ಮೊದಲನೇದಾಂವನೂ ನೀನ, ಕಡೀದಾಂವನೂ ನೀನ."

ಅಂದಿನಿಂದ ಯಾವ ಮಗು ಬಂದು "ಎಲ್ಲಾರೂ ಮಾಡ್ತಾರ" ಅಂದರೂ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಹೆಸರು ಬರೆ ಅನ್ನುತ್ತಿದ್ದೆ. ಎಷ್ಟೋ ಹಾಳೆಗಳು ಒಂದೋ ಎರಡೋ ಹೆಸರಿಗೆ ನಿಂತುಹೋಗುತ್ತಿದ್ದವು. ಕೆಲವು ಖಾಲಿಯೇ ವಾಪಸ್ ಬಂದವು. ಸಾಲಿ ಕಾಲೇಜುಗಳಿಗೆ ಹೋದಲ್ಲೆಲ್ಲ ಸಂಜುನ ಹೆಸರು ಹೇಳದೆ ಈ ಕಥೆ ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು, ನಗುತ್ತ ನಗುತ್ತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಇನ್ನು ಉಂಡಿಯ ಮಾತು. ಅದಕ್ಕೆ ಮೊದಲು ನಮ್ಮ ಡಾಕ್ಟರ್ ಮೇಡಂ ಬಗ್ಗೆ ಹೇಳಬೇಕು. ಮೈಸೂರು ಕಡೆಯವರು, ನನಗಿಂತ ಹದಿನೈದು ವರ್ಷ ಸಣ್ಣವರು, ನಮ್ಮ ವಿಭಾಗಕ್ಕೆ ಮೇಲಿನವರಾಗಿ ಬಂದಿದ್ದರು. ಅವರು ಬಂದ ವರ್ಷ ನಾಗರ ಪಂಚಮಿಗೆ ನಾನು ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಹೋಗಿ ಮೊದಲು ಅವರ ಮುಂದೆ ಹಿಡಿದೆ.

"ಬೇಡ ಮಹಾದೇವಿಯವರೇ, ಥ್ಯಾಂಕ್ಸ್."

"ಹಂಗಂದ್ರ ಹೆಂಗ್ರಿ ಮೇಡಂ, ಒಂದ ತಗೋರಿ."

"ಇಲ್ಲ, ಬೇಡ."

"ಅರ್ಧ ಆದ್ರೂ," ಅಂತ ನಾನು ಉಂಡಿಯನ್ನು ಅವರ ಕೈಯೊಳಗೇ ಇಟ್ಟೆ.

ಅವರು ಆ ಉಂಡಿಯನ್ನು ವಾಪಸ್ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ನನ್ನನ್ನು ನೋಡಿ ಕೇಳಿದರು, "ನಿಮ್ಮ ಕಡೆ ಬೇಡ ಅನ್ನೋದನ್ನ ಎಷ್ಟು ಸಲ ಹೇಳಿದರೆ ಕೇಳುತ್ತೆ?"

ನಾನು ಮತ್ತು ನಮ್ಮ ಸಿಸ್ಟರ್ ಎರಡು ವರ್ಷ ಅವರನ್ನು ಸೊಕ್ಕಿನಾಕಿ ಅಂತ ಕರೆದೆವು. ನಮ್ಮ ಕಡೆಯ ರೀತಿ ಗೊತ್ತಿದ್ದವರಿಗೆ ನಮ್ಮ ಸಿಟ್ಟು ಅರ್ಥವಾಗುತ್ತದೆ. ಇಲ್ಲಿ ಮೊದಲ ಸಲ ಒಲ್ಲೆ ಅನ್ನುವುದು ಮರ್ಯಾದೆ, ಎರಡನೆಯದು ನಾಚಿಕೆ, ಮೂರನೆಯದಕ್ಕೆ ಅರ್ಧ ಹಾಕ್ರಿ ಅಂತ ಅರ್ಥ. ಒಂದೇ ಸಲ ಕೇಳಿ ಸುಮ್ಮನಾದ ಮನೆಯವರನ್ನು ಜನ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಒಲ್ಲೆ ಅಂದವರ ತಾಟಿಗೆ ಒಂದು ಬಿಸಿ ರೊಟ್ಟಿ ಬೀಳಲೇಬೇಕು. ನಾನು ಹುಟ್ಟಿದಾಗಿನಿಂದ ಉಂಡದ್ದು, ಬಡಿಸಿದ್ದು ಎಲ್ಲ ಹೀಗೇ. ಇದೇ ಕೈ, ಇದೇ ಕಿವಿ ಇಟ್ಟುಕೊಂಡು ನಾನು ಮಕ್ಕಳಿಗೆ ಒಲ್ಲೆ ಅನ್ನುವುದನ್ನು ಕಲಿಸಲು ಹೊರಟಿದ್ದೆ. ಇದು ನನಗೆ ಒಮ್ಮೆಯೂ ಹೊಳೆಯಲಿಲ್ಲ ಅನ್ನುವುದೇ ಈಗ ನನಗೆ ದೊಡ್ಡ ಆಘಾತ.

ಹೊಳೆಯಿಸಿದವಳು ಭಾಗ್ಯಾ. ಇದು ಅವಳ ನಿಜವಾದ ಹೆಸರಲ್ಲ. ಈ ಕಥೆ ಬರೆಯಲೇನವ್ವ ಅಂತ ಹೋದ ವರ್ಷ ಕೇಳಿದಾಗ ಬ್ಯಾಡ ಅಂದಳು. ಬಿಟ್ಟೆ. ಮತ್ತೆ ಕೇಳಲಿಲ್ಲ. ಆರು ತಿಂಗಳಾದ ಮೇಲೆ ತಾನೇ ಫೋನ್ ಮಾಡಿ, "ಬರೀರಿ ಅಕ್ಕಾರ, ಆದ್ರ ನಿಮ್ಮ ತಪ್ಪನ್ನೂ ಪೂರಾ ಬರೀಬೇಕು," ಅಂದಳು. ಬರೆಯುತ್ತಿದ್ದೇನೆ.

ಬನಹಟ್ಟಿಯ ಒಂದು ಪಿಯು ಕಾಲೇಜಿನಲ್ಲಿ ನನಗೆ ಆಟದ ಸಾಮಾನು ಇಡುವ ಕೋಣೆ ಕೊಟ್ಟಿದ್ದರು. ಗಾಳಿ ಹೋದ ವಾಲಿಬಾಲುಗಳ ಮಧ್ಯೆ ಎರಡು ಕುರ್ಚಿ. ಅಲ್ಲಿಗೆ ಒಂದು ಬುಧವಾರ ಭಾಗ್ಯಾ ಬಂದಳು. ಚಿಮ್ಮಡದ ಹುಡುಗಿ, ವಿಜ್ಞಾನ, ಮೊದಲ ವರ್ಷ. ದಿನಾ ಬಸ್ಸಿಗೆ ಓಡಾಟ. ಹಿಂದಿನ ವಾರ ತರಗತಿಯಲ್ಲಿ ನಾನು ಸೇತುವೆಯ ಕಥೆ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ.

"ಅಕ್ಕಾರ, ಗೆಳತ್ಯಾರನ್ನ ಕಳಕೊಳ್ಳದ ಒಲ್ಲೆ ಅನ್ನೂದು ಹೆಂಗ್ರಿ?"

ವಿಷಯ ಇಷ್ಟು. ನಾಲ್ಕು ಜನ ಗೆಳತಿಯರ ಗುಂಪು. ಅವರಲ್ಲಿ ಒಂದು ಕಟ್ಟಳೆ, ನಾಲ್ವರ ಫೋನಿನ ಲಾಕ್ ನಾಲ್ವರಿಗೂ ಗೊತ್ತಿರಬೇಕು. ಗೆಳೆತನ ಅಂದ ಮೇಲೆ ಮುಚ್ಚಿಡುವುದೇನಿದೆ ಅಂತ. ಗುಂಪಿನ ನಾಯಕಿ ಐಶ್ವರ್ಯಾ, ರಬಕವಿಯವಳು, ಮನೆಯಲ್ಲಿ ಮಗ್ಗಗಳಿವೆ. ಅವಳ ಫೋನನ್ನು ಅಣ್ಣ ದಿನಾ ತೆಗೆದು ನೋಡುತ್ತಾನೆ. ಅದಕ್ಕೆ ಅವಳು ಮುಧೋಳದ ಒಬ್ಬ ಹುಡುಗನ ಜೊತೆ ಭಾಗ್ಯಾಳ ಫೋನಿನಿಂದ ಮೆಸೇಜು ಮಾಡುತ್ತಿದ್ದಳು.

"ನಂಬರ್ ನಂದ್ರಿ, ಮಾತು ಅಕೀವು," ಅಂದಳು ಭಾಗ್ಯಾ. "ನಮ್ಮ ಅಪ್ಪ ನೋಡಿದ್ರ ಮುಗೀತು. ಒಂದ ಮಾತು ಕೇಳಿಬಂದ್ರ ಕಾಲೇಜು ಬಂದ್ ಅಂತ ಮೊದಲ ಹೇಳ್ಯಾನ. ನಮ್ಮಕ್ಕನ್ನ ಹತ್ತನೇತ್ತೆಕ್ಕ ಬಿಡಿಸಿ ಲಗ್ನ ಮಾಡ್ಯಾರ್ರಿ. ನನಗ ನರ್ಸಿಂಗ್ ಮಾಡೂದೈತಿ."

ಅಭಿನಯ ಮಾಡಿಸಿ ಕಲಿಸುವುದು ಅಷ್ಟೊತ್ತಿಗೆ ನನ್ನ ಪದ್ಧತಿಯಾಗಿತ್ತು. ನಾನು ಐಶ್ವರ್ಯಾ ಆದೆ. ದನಿ ಎತ್ತರಿಸಿ, "ಕೊಡ ಬೇ ಫೋನು. ಏನ ದೊಡ್ಡ ರಾಣಿ ಆಗೀ ಏನ?" ಅಂದೆ.

ಭಾಗ್ಯಾಗೆ ನಗು ಬಂತು. "ಐಶ್ವರ್ಯಾ ಹಂಗ ಅನ್ನೂದುಲ್ರಿ ಅಕ್ಕಾರ. ಅಕಿ ಅಳತಾಳ."

ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ. ನಾವು ಒತ್ತಾಯ ಅಂದರೆ ದಬಾಯಿಸುವುದು ಅಂದುಕೊಂಡು ತಯಾರಿ ಮಾಡಿಸುತ್ತೇವೆ. ಬೈಯುವವರಿಗೆ ಒಲ್ಲೆ ಅನ್ನಬಹುದು, ಅಳುವವರಿಗೆ ಅನ್ನುವುದು ಬಹಳ ಕಷ್ಟ. ಯಾವ ಮಗು ಬಂದರೂ ಮೊದಲು ಕೇಳಿ, ನಿನ್ನ ಗೆಳತಿ ಹೇಗೆ ಕೇಳುತ್ತಾಳೆ, ಮಾಡಿ ತೋರಿಸು ಅಂತ.

ನಾನು ಅತ್ತೆ. ಮೂಗು ಸೊರ್ ಅನ್ನಿಸಿ, "ನೀನೂ ಹಿಂಗ ಮಾಡಿದ್ರ ನನಗ ಯಾರ ಅದಾರ ಭಾಗ್ಯಾ," ಅಂದೆ. ಭಾಗ್ಯಾ ಮೂರು ಸಲ ಸೋತಳು. ಆಟದ ಫೋನನ್ನು, ಅಂದರೆ ನನ್ನ ಕನ್ನಡಕದ ಡಬ್ಬಿಯನ್ನು, ಮೂರೂ ಸಲ ನನ್ನ ಕೈಗೆ ಕೊಟ್ಟಳು. ನಾಲ್ಕನೆಯ ಸಲ ತಾನೇ ಮಾತು ಹುಡುಕಿಕೊಂಡಳು.

"ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಫೋನ್ ಮಾತ್ರ ಕೊಡೂದಿಲ್ಲ."

ಎಂಥ ಚೊಕ್ಕ ಮಾತು. ನನ್ನ ಯಾವ ತರಬೇತಿಯಲ್ಲೂ ಇಂಥದ್ದನ್ನು ಕೇಳಿರಲಿಲ್ಲ. ಖುಷಿಯಾಗಿ ಚೀಲದಿಂದ ಡಬ್ಬಿ ತೆಗೆದೆ. ಪಂಚಮಿ ಕಳೆದು ನಾಲ್ಕು ದಿನವಾಗಿತ್ತು.

"ತಗೋ, ಉಂಡಿ ತಿನ್ನು."

"ಒಲ್ಲೆರಿ ಅಕ್ಕಾರ."

"ನಾಚಬ್ಯಾಡ, ತಿನ್ನು."

"ಒಲ್ಲೆರಿ, ಖರೆನ."

"ಏ, ಹುಚ್ಚಿ," ಅಂತ ನಾನು ಬಾಯಿಗೇ ಇಟ್ಟೆ. ಅವಳು ತಿಂದಳು. ಬೆನ್ನು ತಟ್ಟಿ ಕಳಿಸಿದೆ. ಒಲ್ಲೆ ಅನ್ನುವುದನ್ನು ಕಲಿಸಿ ಮೂರು ನಿಮಿಷವೂ ಆಗಿರಲಿಲ್ಲ.

ಭಾಗ್ಯಾ ಲಾಕ್ ಬದಲಿಸಿದಳು. ಐಶ್ವರ್ಯಾ ಅತ್ತಳು, ಭಾಗ್ಯಾ ತನ್ನ ಮಾತನ್ನು ಹೇಳಿದಳು, ಕೊಡಲಿಲ್ಲ. ಆಮೇಲೆ ಆಗಬೇಕಾದದ್ದೇ ಆಯಿತು. ಊಟದ ಹೊತ್ತಿಗೆ ಮೂವರು ಬೇರೆ ಕಡೆ ಕೂತರು. ಕಾರಿಡಾರಿನಲ್ಲಿ ಇವಳನ್ನು ಕಂಡರೆ ಮಾತು ನಿಲ್ಲಿಸಿದರು. ಹದಿನೈದು ದಿನಕ್ಕೆ ಭಾಗ್ಯಾ ಮತ್ತೆ ನನ್ನ ಕೋಣೆಗೆ ಬಂದಳು.

"ಐಶ್ವರ್ಯಾ ಇವತ್ತ ಹಿಂಗಂದ್ಲುರಿ. ಆ ಮೆಸೇಜು ಎಲ್ಲಾ ನಿನ್ನ ನಂಬರಿಂದ ಹೋಗ್ಯಾವ, ನಿಮ್ಮ ಅಪ್ಪಗ ತೋರಸ್ತೀನಿ ಅಂತ."

ಅವಳು ತೋರಿಸುವುದಕ್ಕೆ ಮೊದಲೇ ನಾವು ಅಪ್ಪನಿಗೆ ಖರೆ ಹೇಳಿಬಿಡಬೇಕು, ಇದು ನನಗೆ ಹಗಲಿನಷ್ಟು ಸ್ಪಷ್ಟ.

"ನಾನ ನಿಮ್ಮ ಮನಿಗೆ ಬಂದು ನಿಮ್ಮ ಅಪ್ಪಗ ತಿಳಿಸಿ ಹೇಳತೀನಿ."

"ಬ್ಯಾಡ್ರಿ."

"ನೀ ಹೆದರಬ್ಯಾಡ. ನಾ ಹೇಳೂ ರೀತಿಲೆ ಹೇಳಿದ್ರ ಕೇಳತಾರ."

"ಬ್ಯಾಡ್ರಿ ಅಕ್ಕಾರ. ಐಶ್ವರ್ಯಾ ಬಾಯಿಲೆ ಅಂತಾಳಷ್ಟ, ಮಾಡೂದಿಲ್ಲ. ತೋರಿಸಿದ್ರ ಅಕಿದೂ ಹೊರಗ ಬರತೈತಿ. ಅಕಿಗೂ ಮನ್ಯಾಗ ಅಣ್ಣ ಅದಾನ."

"ನಿನಗ ಗೊತ್ತಾಗೂದುಲ್ಲವ್ವ. ನಾ ಇಂಥಾವು ಭಾಳ ನೋಡೀನಿ."

"ಬ್ಯಾಡ್ರಿ," ಅಂದಳು ಮೂರನೆಯ ಸಲ. ಆಮೇಲೆ ಸುಮ್ಮನಾಗಿ ಕುರ್ಚಿಯ ಹರಿದ ದಾರ ಎಳೆಯುತ್ತ ಕೂತಳು. ಆ ಮೌನವನ್ನು ನಾನು ಹೂಂ ಅಂತ ತಿಳಿದೆ. ಮೂರು ಸಲ ಒಲ್ಲೆ ಅಂದಾಯಿತಲ್ಲ, ಇನ್ನು ಬಡಿಸಬಹುದು.

ಭಾನುವಾರ ಬಸ್ಸು ಹಿಡಿದು ಚಿಮ್ಮಡಕ್ಕೆ ಹೋದೆ. ಭಾಗ್ಯಾಳ ಅಪ್ಪ ಒಕ್ಕಲುತನದವರು, ಮಾತು ಕಡಿಮೆ, ಸಭ್ಯಸ್ಥರು. ಅವಳ ಆಯಿ, ಅಪ್ಪನ ತಾಯಿ, ನಾನು ಕೂರುವುದಕ್ಕೆ ಮೊದಲೇ ತಾಟು ಹಚ್ಚಿದ್ದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ನಾನು ಒಲ್ಲೆ ಅಂದೆ, ಅವಳು ಹಾಕಿದಳು. ಸಾಕು ಅಂದೆ, ಮತ್ತೆ ಹಾಕಿದಳು. ಉಣ್ಣುತ್ತ ಉಣ್ಣುತ್ತ ನಾನು ಎಲ್ಲ ಹೇಳಿದೆ. ಫೋನು, ಮೆಸೇಜು, ಮುಧೋಳದ ಹುಡುಗ, ಇದರಲ್ಲಿ ನಿಮ್ಮ ಮಗಳ ತಪ್ಪು ಒಂದೂ ಇಲ್ಲ ಅನ್ನುವುದು, ಎಲ್ಲ. ಹೇಳುತ್ತಿರುವಾಗಲೇ ಭಾಗ್ಯಾ ಹಿತ್ತಲಿನಿಂದ ಕೊಡ ಹೊತ್ತು ಒಳಗೆ ಬಂದಳು. ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಕೊಡ ಇಳಿಸಿ ಒಳಗೆ ಹೋದಳು. ಕೂಗಾಡಲಿಲ್ಲ, ಅಳಲಿಲ್ಲ.

"ಛಲೋ ಆತು ಹೇಳಿದ್ರಿ ಬಾಯಾರ. ಉಣ್ಣರಿ," ಅಂದರು ಅಪ್ಪ.

ಎಷ್ಟು ಸುಲಭವಾಗಿ ಮುಗಿಯಿತು ಅಂದುಕೊಂಡು ನಾನು ಎರಡನೆಯ ಸಲ ಮೊಸರು ಹಾಕಿಸಿಕೊಂಡೆ.

ಬುಧವಾರ ಕಾಲೇಜಿನಲ್ಲಿ ಭಾಗ್ಯಾ ಇರಲಿಲ್ಲ. ಮುಂದಿನ ಬುಧವಾರವೂ ಇರಲಿಲ್ಲ. ಪ್ರಿನ್ಸಿಪಾಲರು, "ಅವರ ಅಪ್ಪ ಫೋನ್ ಮಾಡಿದ್ರು, ಹುಡುಗಿಗೆ ಆರಾಮಿಲ್ಲ ಅಂತ," ಅಂದರು. ಫೋನ್ ಮಾಡಿದರೆ ಸ್ವಿಚ್ ಆಫ್. ಮೂರನೆಯ ಬುಧವಾರ ನನ್ನ ಕೋಣೆಯ ಬಾಗಿಲಲ್ಲಿ ನಾನು ಎಂದೂ ಮಾತಾಡಿಸಿರದ ಒಬ್ಬ ಹುಡುಗಿ ಬಂದು ನಿಂತಳು. ಕಣ್ಣು ಕೆಂಪಗೆ ಊದಿದ್ದವು.

"ನಾ ಐಶ್ವರ್ಯಾರಿ."

ಕೂತುಕೋ ಅಂದೆ. ಕೂರಲಿಲ್ಲ.

"ನಾ ಯಾರಿಗೂ ತೋರಿಸಿಲ್ರಿ ಅಕ್ಕಾರ. ನನ್ನ ಹಂತೇಕ ತೋರ್ಸಾಕ ಏನೂ ಇಲ್ಲ. ಸಿಟ್ಟಿಗೆ ಅಂದಿದ್ದೆ. ಭಾಗ್ಯಾನ್ನ ಕಾಲೇಜ ಬಿಡಿಸ್ಯಾರಂತ, ಅಕಿ ಮಾಂವನ ಮನ್ಯಾಗ ಮಾತ ಹಚ್ಚ್ಯಾರಂತ. ಅವರ ಅಪ್ಪಗ ಯಾರ ಹೇಳಿದ್ರರಿ?"

ಇವಳ ಕಣ್ಣೀರನ್ನು ನಾನು ಅಭಿನಯಿಸಿ ತೋರಿಸಿದ್ದೆ, ಮೂಗು ಸೊರ್ ಅನ್ನಿಸಿದ್ದೆ. ಈಗ ಖರೆ ಕಣ್ಣೀರು ಎದುರಿಗೆ ನಿಂತಿತ್ತು. ಹದಿನೇಳು ತುಂಬದ ಹುಡುಗಿಗೆ ಮದುವೆಯ ಮಾತು ನಡೆಯುತ್ತಿತ್ತು, ಅದಕ್ಕೆ ಕಾರಣ ನಾನು.

ಸೀದಾ ಡಾಕ್ಟರ್ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಎರಡೇ ಪ್ರಶ್ನೆ ಕೇಳಿದರು.

"ಅಪ್ಪನಿಗೆ ಹೇಳೋಕೆ ಹುಡುಗಿ ಹೂಂ ಅಂದಳಾ?"

"ಸುಮ್ಮನಿದ್ದಳ್ರಿ."

"ಅದಕ್ಕೆ ಮೊದಲು ಎಷ್ಟು ಸಲ ಬೇಡ ಅಂದಿದ್ದಳು?"

"ಮೂರು."

ಅವರು ಪೆನ್ನು ಮೇಜಿನ ಮೇಲಿಟ್ಟರು. "ನಂಗೆ ಉಂಡೆ ಕೊಟ್ಟ ಹಾಗೇ ಅವಳಿಗೆ ಸಹಾಯಾನೂ ಕೊಟ್ಟಿದೀರ," ಅಂದರು.

ಒಂದೊಂದೇ ನೆನಪಾಯಿತು. ವಾಲಿಬಾಲಿನ ಕೋಣೆ, ಒಲ್ಲೆರಿ ಖರೆನ ಅಂದದ್ದು, ನನ್ನ ಕೈ ಅವಳ ಬಾಯಿಗೆ ಹೋದದ್ದು. ಇವಳೊಬ್ಬಳೇನಾ? ಇಪ್ಪತ್ತು ವರ್ಷದಲ್ಲಿ ಎಷ್ಟು ಮಕ್ಕಳು ನನ್ನೆದುರು ಒಲ್ಲೆ ಅಂದಿದ್ದರೋ, ಎಷ್ಟನ್ನು ನಾನು ನಾಚಿಕೆ ಅಂತ ತಿಳಿದು ದಾಟಿಹೋಗಿದ್ದೆನೋ.

"ಮದುವೆ ಮಾತು ಎಲ್ಲಿವರೆಗೆ ಬಂದಿದೆ ಗೊತ್ತಿಲ್ಲ," ಅಂದರು ಮೇಡಂ. "ತಾರೀಖು ಗೊತ್ತು ಮಾಡಿದ್ದರೆ ನಾವು ಯಾರನ್ನೂ ಕೇಳಿಕೊಂಡು ಕೂರಲ್ಲ, ಕಾನೂನು ಇದೆ, ಅಧಿಕಾರಿಗಳಿಗೆ ತಿಳಿಸ್ತೀವಿ. ಅದನ್ನ ಅವಳಿಗೂ ಮೊದಲೇ ಹೇಳಿ. ಉಳಿದದ್ದೆಲ್ಲ ಅವಳನ್ನ ಕೇಳಿ. ಹೋಗಿ. ಅಪ್ಪನ ಹತ್ರ ಅಲ್ಲ, ಅವಳ ಹತ್ರ."

ಮರುದಿನ ಬೆಳಗ್ಗೆ ಏನೂ ತಿನ್ನದೆ ಚಿಮ್ಮಡದ ಬಸ್ಸು ಹತ್ತಿದೆ. ಭಾಗ್ಯಾ ಕಟ್ಟೆಯ ಮೇಲೆ ಜೋಳ ಹಸನ ಮಾಡುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ನಾನು ಅಂಗಳದಲ್ಲೇ ನಿಂತು ಮೇಡಂ ಹೇಳಿದ್ದನ್ನು ಹೇಳಿದೆ. ಆಮೇಲೆ ಕೇಳಿದೆ, "ಒಳಗ ಬರಲೇನ?"

ಅವಳು ಮೊರದಲ್ಲಿದ್ದ ಜೋಳ ಹಸನ ಮಾಡಿ ಮುಗಿಸಿ ಮೊರ ಕೆಳಗಿಟ್ಟಳು. ಅಲ್ಲಿವರೆಗೆ ನಾನು ಬಿಸಿಲಲ್ಲಿ ನಿಂತೆ.

"ಬರ್ರಿ. ತಾರೀಖ ಇನ್ನಾ ಆಗಿಲ್ಲ. ಆದ್ರ ನೀವು ಮಾತಾಡಬ್ಯಾಡ್ರಿ. ನಾ ಮಾತಾಡ್ತೀನಿ."

ಅಪ್ಪ ಒಳಗೇ ಇದ್ದರು. ಆಯಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ನಾನು ಕಂಬಕ್ಕೆ ಒರಗಿ ಕೂತೆ. ಭಾಗ್ಯಾ ಅಪ್ಪನ ಎದುರಿಗೆ ನಿಂತಳು.

"ಅಪ್ಪಾ, ನಾ ಕಾಲೇಜಿಗೆ ಹೋಗಾಕಿ."

"ಅದು ಮುಗಿದ ಮಾತು."

"ಯಾಕ?"

"ಯಾಕಂದ್ರ? ಎಲ್ಲಾರೂ ಮಾತಾಡಾಕತ್ತಾರ. ನಾ ಊರಾಗ ತಲಿ ಎತ್ತಿ ಅಡ್ಡ್ಯಾಡೂದು ಬ್ಯಾಡ?"

"ಎಲ್ಲಾರೂ ಅಂದ್ರ ಯಾರ್ಯಾರಪ್ಪಾ?"

"ಯಾರ್ಯಾರಂದ್ರ, ಮಂದಿ."

"ಹೆಸರ ಹೇಳು."

ಸೇತುವೆಯ ಕಥೆಯ ಪ್ರಶ್ನೆ ಅದು. ಅಪ್ಪ ಸಿಟ್ಟಾಗುತ್ತಾರೆ ಅಂದುಕೊಂಡೆ. ಆದರೆ ಅವರು ನಿಜವಾಗಿಯೂ ಯೋಚಿಸತೊಡಗಿದರು.

"ನಿಮ್ಮ ಕಾಕಾ ಅಂದ. ಹುಡುಗೀನ ಮೊದಲ ಬಿಡಸು ಅಂದ."

"ಕಾಕಾಗ ನೀನ ಹೇಳಿದಿ."

"ಖರೆ ಐತಿ," ಅಂದಳು ಆಯಿ ಮೂಲೆಯಿಂದ. "ನಾ ಇಲ್ಲೇ ಕುಂತಿದ್ದೆ. ನೀನ ಹೇಳಿದಿ."

"ನೀ ಸುಮ್ಕಿರಬೇ ಯವ್ವಾ. ಬಸ್ ಸ್ಟ್ಯಾಂಡಿನ್ಯಾಗ ನಾ ಹೋದಕೂಡ್ಲೆ ಮಂದಿ ಸುಮ್ಮನಾದ್ರು."

"ಏನಂದ್ರು ಅವರು?"

"ಸುಮ್ಮನಾದ್ರು ಅಂದ್ನೆಲ್ಲ."

"ಮಾತಾಡಿದ್ರೂ ಬೈತಿ, ಸುಮ್ಮನಿದ್ರೂ ಬೈತಿ," ಅಂದಳು ಆಯಿ. "ಮಂದಿ ಎಲ್ಲಿಗೆ ಹೋಗಬೇಕೋ?"

"ಮತ್ತ ಯಾರು?" ಭಾಗ್ಯಾ ಬಿಡಲಿಲ್ಲ. "ನಿನ್ನ ಮುಂದ ಬಂದು, ನಿಮ್ಮ ಮಗಳು ಹಿಂಗ ಅಂತ ಹೇಳಿದವರು ಯಾರು? ಒಂದ ಹೆಸರ ಹೇಳು."

ಮೆಲ್ಲಗೆ ಅಪ್ಪನ ಕಣ್ಣು ಕಂಬದ ಕಡೆ ತಿರುಗಿತು.

"ಈ ಬಾಯಾರು," ಅಂದರು.

ಊರಿಗೆ ಊರೇ ಮಾತಾಡುತ್ತಿದೆ ಅಂತ ಒಬ್ಬ ಅಪ್ಪ ಮಗಳ ಓದು ನಿಲ್ಲಿಸಿದ್ದ. ಆ ಊರು ಅಂದರೆ ನಾನೊಬ್ಬಳೇ. ಜಮಖಂಡಿಯಿಂದ ಬಸ್ಸು ಹಿಡಿದು ಬಂದು, ಎರಡು ಸಲ ಮೊಸರು ಹಾಕಿಸಿಕೊಂಡು ಉಂಡು ಹೇಳಿದ್ದೆ.

ಕ್ಷಮೆ ಕೇಳಬೇಕು, ವಿವರಿಸಬೇಕು ಅಂತ ನಾಲಿಗೆ ತುದಿಗೆ ನೂರು ಮಾತು ಬಂದವು. ಮಾತಾಡಬ್ಯಾಡ್ರಿ ಅಂದಿದ್ದಳು. ನುಂಗಿಕೊಂಡೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿದ್ದು ಬೇರೆ ಇಲ್ಲ.

ಅವಳೇ ನನ್ನ ಕಡೆ ತಿರುಗಿದಳು. "ಅಕ್ಕಾರ, ಈಗ ಒಂದ ಮಾತ ಹೇಳ್ರಿ. ಮನಿಗೆ ಬರತೀನಿ ಅಂದಾಗ ನಾ ನಿಮಗ ಏನ ಅಂದಿದ್ದೆ?"

"ಬ್ಯಾಡ ಅಂದಿದ್ದಿ. ಮೂರ ಸಲ. ನಾ ಕೇಳಲಿಲ್ಲ," ಅಂದೆ. ಅಪ್ಪನ ಕಡೆ ನೋಡಿದೆ. "ತಪ್ಪು ನಂದ್ರಿ."

ಅಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಜೋಳದಲ್ಲಿ ಕೈಯಾಡಿಸತೊಡಗಿದರು. ಭಾಗ್ಯಾ ಹೋಗಲಿಲ್ಲ, ಆಯಿ ಕರೆಯಲಿಲ್ಲ. ಕೊನೆಗೆ ಅಲ್ಲಿಂದಲೇ ಕೇಳಿದರು.

"ಸೋಮವಾರ ಬಸ್ಸು ಎಷ್ಟಕ್ಕೈತಿ?"

"ಎಂಟೂವರಿಗೆ."

"ಫೋನು ನನ್ನ ಹಂತೇಕ ಇರಲಿ."

"ಪರೀಕ್ಷಾ ಮುಗಿಯೂತನಕ ಇರಲಿ. ಆಮ್ಯಾಲೆ ಕೊಡಬೇಕು," ಅಂದಳು ಮಗಳು. "ಮಾಂವನ ಮನಿಗೆ ಇವತ್ತ ಹೇಳಿ ಕಳಸು."

ಅಪ್ಪ ಹೂಂ ಅನ್ನಲಿಲ್ಲ. ಆದರೆ ಮುಂದಿನ ಬುಧವಾರ ಭಾಗ್ಯಾ ತರಗತಿಯಲ್ಲಿದ್ದಳು, ಮಾತುಕತೆ ಮುರಿದದ್ದನ್ನು ಅವಳೇ ಹೇಳಿದಳು. ಐಶ್ವರ್ಯಾ ಜೊತೆ ಮಾತು ಮತ್ತೆ ಶುರುವಾಗಲು ಎರಡು ತಿಂಗಳು ಹಿಡಿಯಿತು. ಪರೀಕ್ಷೆ ಮುಗಿದು ಫೋನು ವಾಪಸ್ ಬಂದ ಮೇಲೂ ಲಾಕ್ ಮಾತ್ರ ಯಾರಿಗೂ ಹೇಳಲಿಲ್ಲ. ಈಗ ನರ್ಸಿಂಗ್ ಓದುತ್ತಿದ್ದಾಳೆ.

ಆ ದಿನ ನಾನು ಹೊರಡಲು ಎದ್ದಾಗ ಅಪ್ಪ ಕೈಮುಗಿದು ಹೇಳಿದರು, "ತಪ್ಪ ತಿಳಕೋಬ್ಯಾಡ್ರಿ ಬಾಯಾರ. ಇನ್ನ ಮ್ಯಾಲೆ ಕೇಳದ ಮನಿಗೆ ಬರಬ್ಯಾಡ್ರಿ." ಆಗಲ್ರಿ ಅಂದೆ. ಅದರಲ್ಲಿ ತಪ್ಪು ತಿಳಿಯುವುದೇನೂ ಇರಲಿಲ್ಲ.

ಅಷ್ಟರಲ್ಲಿ ಆಯಿ ತಾಟು ಹಚ್ಚಿಕೊಂಡು ಬಂದಳು. ಬಿಸಿ ರೊಟ್ಟಿ, ಹಿಂಡಿ, ಮೇಲೆ ಬೆಣ್ಣೆ. ಬೆಳಗಿನಿಂದ ನನ್ನ ಹೊಟ್ಟೆಗೆ ಒಂದು ಹನಿ ಚಹಾ ಬಿದ್ದಿರಲಿಲ್ಲ, ವಾಸನೆಗೇ ತಲೆ ತಿರುಗಿತು.

"ಒಲ್ಲೆರಿ ಆಯಿ," ಅಂತ ಬಾಯಿ ತನ್ನ ಪಾಡಿಗೆ ಅಂದುಬಿಟ್ಟಿತು.

"ಹಂಗಂದ್ರ ಹೆಂಗ, ಒಂದ ತುತ್ತು ತಿನ್ನ," ಅಂತ ಆಯಿ ತಾಟು ಮುಂದೆ ಮಾಡಿದಳು. ನನ್ನ ಕೈ ಅರ್ಧ ಎದ್ದಿತ್ತು.

"ಆಯಿ, ಒಲ್ಲೆ ಅಂದಾರ. ಇಡು," ಅಂದಳು ಭಾಗ್ಯಾ. ತಾಟು ಇಸಿದುಕೊಂಡು ಒಳಗೆ ಒಯ್ದಳು.

ಅಣಕಿಸುತ್ತಿದ್ದಾಳೇನೋ ಅಂತ ಅವಳ ಮುಖ ನೋಡಿದೆ. ಅಣಕ ಇರಲಿಲ್ಲ. ನನ್ನ ಮಾತನ್ನು ಮೊದಲ ಸಲಕ್ಕೇ ನಂಬಿದ್ದಳು, ಅಷ್ಟೇ. ಬನಹಟ್ಟಿಯ ಬಸ್ಸು ಬರುವುದು ಮುಕ್ಕಾಲು ತಾಸು ತಡವಾಯಿತು. ಅಷ್ಟು ಹೊತ್ತೂ ಹಸಿದುಕೊಂಡೇ ನಿಂತಿದ್ದೆ.